ಕರ್ನಲ್ ಬಿಲ್ಡ್ ಮಾಡಿದ ಮೇಲೆ ಸೌಂಡ್ ಹೋಗಿದೆ, ಬರೀ ‘ಡಮ್ಮಿ ಔಟ್‌ಪುಟ್’ ಅಂತ ತೋರಿಸುತ್ತಿದೆ (ಡೆಬಿಯನ್ 12, ಕರ್ನಲ್ 6.12)

ಏಕತಾರಿ_ಗಂಗಾವತಿ

ಎಲ್ಲರಿಗೂ ನಮಸ್ಕಾರ. ಗಂಗಾವತಿ ಹತ್ತಿರದ ಹಳ್ಳಿಯವನು ನಾನು. ನಮ್ಮೂರ ಮಠದಲ್ಲಿ ಪ್ರತಿ ಅಮಾವಾಸ್ಯೆಗೆ ರಾತ್ರಿಯಿಡೀ ಭಜನೆ ಇರುತ್ತದೆ. ತತ್ವಪದ ಬಾಯಿಪಾಠ ಇರುವ ಹಿರಿಯರು ಈಗ ಕೆಲವರೇ ಉಳಿದಿದ್ದಾರೆ. ಅವರು ಹಾಡುವುದನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಇಡಬೇಕು ಅಂತ ಗೆಳೆಯನೂ ನಾನೂ ಸೇರಿ ಎರಡು ಮೈಕ್ ಹಾಕಬಹುದಾದ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತಂದಿದ್ದೇವೆ. ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 ಇದೆ, ರೆಕಾರ್ಡಿಂಗ್‌ಗೆ ಆರ್ಡೋರ್.

ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕೊಡುವ ಸ್ಯಾಂಪಲ್‌ಗಳ ಸಂಖ್ಯೆ) 128ಕ್ಕೆ ಇಳಿಸಿದರೆ ಹಾಡಿನ ನಡುನಡುವೆ ಚಟ್ ಚಟ್ ಅಂತ ಸದ್ದು ಸೇರಿಕೊಳ್ಳುತ್ತಿತ್ತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ 6.12 ಆವೃತ್ತಿಯಿಂದ ರಿಯಲ್ ಟೈಮ್ ಪ್ರಿಎಂಪ್ಷನ್ (ತುರ್ತು ಕೆಲಸಕ್ಕೆ ಪ್ರೊಸೆಸರ್ ತಕ್ಷಣ ಬಿಟ್ಟುಕೊಡುವುದು) ಮೂಲ ಸೋರ್ಸ್‌ನಲ್ಲೇ ಇದೆ, ಹೊರಗಿನ ಪ್ಯಾಚ್ ಬೇಡ ಅಂತ ಓದಿದೆ. ಸೋರ್ಸ್ ಇಳಿಸಿಕೊಂಡು ಬಿಲ್ಡ್ ಮಾಡಿದೆ. ಬೂಟ್ ಚೆನ್ನಾಗೇ ಆಗುತ್ತದೆ, ಯುನೇಮ್ ಕೊಟ್ಟರೆ ‘ಪ್ರಿಎಂಪ್ಟ್ ಆರ್‌ಟಿ’ ಅಂತಲೂ ಬರುತ್ತದೆ. ಆದರೆ ಸೌಂಡ್ ಪೂರ್ತಿ ಹೋಗಿದೆ. ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರ್ ಹೆಸರಿದ್ದ ಕಡೆ ‘ಡಮ್ಮಿ ಔಟ್‌ಪುಟ್’ ಒಂದೇ ಇದೆ. ಯುಎಸ್‌ಬಿ ಇಂಟರ್‌ಫೇಸ್ ಚುಚ್ಚಿದರೆ ಅದರ ಲೈಟ್ ಹತ್ತುತ್ತದೆ, ಎಲ್‌ಎಸ್‌ಯುಎಸ್‌ಬಿಯಲ್ಲಿ ಹೆಸರೂ ಬರುತ್ತದೆ, ಸೌಂಡ್ ಕಾರ್ಡ್ ತೋರಿಸುವ ಎಪ್ಲೇ ಪಟ್ಟಿಯಲ್ಲಿ ಮಾತ್ರ ಇಲ್ಲ. ವೈಫೈ ಕೂಡ ಕಾಣಿಸುತ್ತಿಲ್ಲ. ಅದು ಬೇರೆ ತೊಂದರೆ ಇರಬೇಕು, ಸದ್ಯಕ್ಕೆ ಬಿಡಿ, ನನಗೆ ಸೌಂಡ್ ಮುಖ್ಯ.

ಇಂಟೆಲ್ ಹತ್ತನೇ ತಲೆಮಾರಿನ ಪ್ರೊಸೆಸರ್, ರಿಯಲ್‌ಟೆಕ್ ಕೋಡೆಕ್ (ಸೌಂಡ್ ಚಿಪ್), ಒಳಗಿನ ಮೈಕ್ ಡಿಜಿಟಲ್. ಸೆಕ್ಯೂರ್ ಬೂಟ್ ಆಫ್ ಇದೆ. ಬೂಟ್ ಮೆನು ಗ್ರಬ್‌ನಲ್ಲಿ ಡೆಬಿಯನ್‌ನ ಹಳೇ 6.1 ಆರಿಸಿಕೊಂಡರೆ ಎಲ್ಲವೂ ಮೊದಲಿನಂತೆ ನಡೆಯುತ್ತದೆ, ಅಂದರೆ ಯಂತ್ರ ಕೆಟ್ಟಿಲ್ಲ. ಪಲ್ಸ್ ಆಡಿಯೊ ತೆಗೆದು ಮತ್ತೆ ಹಾಕು ಅಂತ ಒಬ್ಬರು ಹೇಳಿದರು, ಅದರಿಂದ ಏನಾದರೂ ಪ್ರಯೋಜನ ಇದೆಯಾ? ಮುಂದಿನ ಅಮಾವಾಸ್ಯೆ ಒಳಗೆ ಇದು ಸರಿ ಆಗಬೇಕು.

ಕೋಟೆ_ಬಳ್ಳಾರಿ

ತಮ್ಮಾ, ಪಲ್ಸ್ ಆಡಿಯೊ, ಪೈಪ್‌ವೈರ್ (ಅಪ್ಲಿಕೇಶನ್‌ಗಳ ಸದ್ದನ್ನು ಕಾರ್ಡ್‌ಗೆ ಕಳಿಸುವ ಸೌಂಡ್ ಸರ್ವರ್‌ಗಳು) ಯಾವುದನ್ನೂ ಮುಟ್ಟಬೇಡ. ‘ಡಮ್ಮಿ ಔಟ್‌ಪುಟ್’ ಅಂದರೆ ಪೈಪ್‌ವೈರ್ ಆರೋಗ್ಯವಾಗೇ ಇದೆ, ಕೆಳಗಿನಿಂದ ಕರ್ನಲ್ ಒಂದು ಕಾರ್ಡನ್ನೂ ಕೊಡುತ್ತಿಲ್ಲ ಅಂತ ಅರ್ಥ. ಮೇಲಿನದನ್ನು ಎಷ್ಟು ಸಲ ಕಿತ್ತು ಹಾಕಿದರೂ ಕೆಳಗೆ ಕಾರ್ಡ್ ಇಲ್ಲದಿದ್ದರೆ ಸದ್ದು ಎಲ್ಲಿಂದ ಬರಬೇಕು? ಇಂಥ ಸಲಹೆ ಕೇಳಿ ಚೆನ್ನಾಗಿದ್ದ ಹಳೇ ಕರ್ನಲ್‌ನಲ್ಲೂ ಸೌಂಡ್ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಊಹೆ ಬೇಡ, ಹೊಸ ಕರ್ನಲ್‌ನಲ್ಲಿ ಬೂಟ್ ಮಾಡಿ ಇಷ್ಟು ನೋಡಿ ಇಲ್ಲಿ ಹಾಕು. ಪ್ರಾಕ್ ಒಳಗಿನ ಎಸೌಂಡ್ ಫೋಲ್ಡರ್‌ನಲ್ಲಿ ‘ಕಾರ್ಡ್ಸ್’ ಅಂತ ಫೈಲ್ ಇದೆ, ಅದರಲ್ಲಿ ಏನಿದೆ? ಎಲ್‌ಎಸ್‌ಪಿಸಿಐಗೆ ಎನ್‌ಎನ್‌ಕೆ ಆಪ್ಷನ್ ಕೊಟ್ಟು ಆಡಿಯೊ ಸಾಲಿನ ಕೆಳಗೆ ‘ಡ್ರೈವರ್ ಇನ್ ಯೂಸ್’ ಮುಂದೆ ಏನು ಬರೆದಿದೆ ನೋಡು. ಕರ್ನಲ್‌ನ ಸಂದೇಶ ತೋರಿಸುವ ಡಿಮೆಸ್ಗ್‌ನಲ್ಲಿ ‘ಎಸ್‌ಎನ್‌ಡಿ’, ‘ಸೋಫ್’, ‘ಫರ್ಮ್‌ವೇರ್’ ಅಂತ ಹುಡುಕು. ಆಮೇಲೆ ನೀನು ಬಿಲ್ಡ್ ಮಾಡಿದ ಫೋಲ್ಡರ್‌ನ ಡಾಟ್ ಕಾನ್ಫಿಗ್ ಫೈಲ್‌ನಲ್ಲಿ ಯುಎಸ್‌ಬಿ ಆಡಿಯೊ ಅನ್ನುವ ಸಾಲು ವೈ (ಕರ್ನಲ್ ಒಳಗೇ ಸೇರಿದ್ದು) ಇದೆಯೋ, ಎಂ (ಬೇಕಾದಾಗ ಲೋಡ್ ಆಗುವ ಬೇರೆ ಮಾಡ್ಯೂಲ್) ಇದೆಯೋ, ‘ನಾಟ್ ಸೆಟ್’ (ಆಫ್) ಇದೆಯೋ?

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಕಾನ್ಫಿಗ್ ಹೇಗೆ ಮಾಡಿದೆ? ಡೆಬಿಯನ್ ಕಾನ್ಫಿಗ್ ಹಾಗೇ ಇಟ್ಟುಕೊಂಡೆಯಾ, ಇಲ್ಲ ಚಿಕ್ಕದು ಮಾಡಿದೆಯಾ? ಚಿಕ್ಕದು ಮಾಡುವಾಗ ಇಂಟರ್‌ಫೇಸ್ ಚುಚ್ಚಿತ್ತಾ?

ಏಕತಾರಿ_ಗಂಗಾವತಿ

ಅಣ್ಣಾ, ನೋಡಿದೆ. ಕಾರ್ಡ್ಸ್ ಫೈಲ್‌ನಲ್ಲಿ ‘ನೋ ಸೌಂಡ್‌ಕಾರ್ಡ್ಸ್’ ಅಂತ ಒಂದೇ ಸಾಲು. ಆದರೆ ಎಲ್‌ಎಸ್‌ಪಿಸಿಐನಲ್ಲಿ ‘ಡ್ರೈವರ್ ಇನ್ ಯೂಸ್’ ಮುಂದೆ ಸೋಫ್ ಡ್ರೈವರ್ ಹೆಸರು ಇದೆ. ಇದೇ ನನಗೆ ತಿಳಿಯದಿರುವುದು, ಡ್ರೈವರ್ ಕೂತಿದೆ, ಕಾರ್ಡ್ ಯಾಕೆ ಇಲ್ಲ?

ಡಿಮೆಸ್ಗ್‌ನಲ್ಲಿ ಕೆಂಪು ಅಕ್ಷರದಲ್ಲಿ ಇಂಟೆಲ್ ಸೋಫ್ ಫೋಲ್ಡರ್‌ನ ‘ಸೋಫ್-ಸಿಎಂಎಲ್’ ಫೈಲ್ ಲೋಡ್ ಆಗಲಿಲ್ಲ, ಎರರ್ -2 ಅಂತ ಇದೆ. ಹಳೇ ಕರ್ನಲ್‌ಗೆ ಹೋಗಿ ನೋಡಿದರೆ ಆ ಫೈಲ್ ಲಿಬ್ ಫರ್ಮ್‌ವೇರ್ ಒಳಗೆ ಅದೇ ಜಾಗದಲ್ಲಿ ಇದೆ! ಯುಎಸ್‌ಬಿ ಆಡಿಯೊ ಸಾಲು ‘ನಾಟ್ ಸೆಟ್’.

ಕಾನ್ಫಿಗ್ ಬಗ್ಗೆ: ಡೆಬಿಯನ್ ಕಾನ್ಫಿಗ್‌ನಲ್ಲಿ ಪೂರ್ತಿ ಬಿಲ್ಡ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಈ ಬಿಸಿಲಲ್ಲಿ ಲ್ಯಾಪ್‌ಟಾಪ್ ಕಾದು ಹೋಗುತ್ತದೆ. ಒಂದು ವಿಡಿಯೊದಲ್ಲಿ ‘ಲೋಕಲ್‌ಯೆಸ್‌ಕಾನ್ಫಿಗ್’ ಕೊಟ್ಟರೆ ನಿಮ್ಮ ಯಂತ್ರಕ್ಕೆ ಬೇಕಾದ್ದು ಮಾತ್ರ ಉಳಿಯುತ್ತದೆ, ಎಲ್ಲವೂ ಕರ್ನಲ್ ಒಳಗೇ ಸೇರುತ್ತದೆ, ಇನಿಟ್‌ರಾಮ್‌ಎಫ್‌ಎಸ್ (ಡಿಸ್ಕ್ ಸಿಗುವ ಮೊದಲು ಬಳಸುವ ಪುಟ್ಟ ಫೈಲ್ ಸಿಸ್ಟಮ್) ಕೂಡ ಬೇಡ ಅಂತ ಹೇಳಿದ್ದರು. ಹಾಗೇ ಮಾಡಿ, ಬಿಜ಼ೆಡ್ ಇಮೇಜ್ ಅನ್ನುವ ಕರ್ನಲ್ ಫೈಲನ್ನು ಬೂಟ್ ಫೋಲ್ಡರ್‌ಗೆ ಕಾಪಿ ಮಾಡಿ ಗ್ರಬ್ ಅಪ್‌ಡೇಟ್ ಮಾಡಿದೆ. ಆಗ ಇಂಟರ್‌ಫೇಸ್ ಗೆಳೆಯನ ಮನೆಯಲ್ಲಿತ್ತು.

ರೂಟ್_ರಾಯಚೂರು

ಈಗ ಎಲ್ಲಾ ಸ್ಪಷ್ಟವಾಯಿತು. ನಿಮಗೆ ಮೂರು ತೊಂದರೆ ಕಾಣುತ್ತಿದೆ: ಸ್ಪೀಕರ್, ಯುಎಸ್‌ಬಿ ಇಂಟರ್‌ಫೇಸ್, ವೈಫೈ. ಮೂರೂ ಆ ಒಂದೇ ಕಮಾಂಡ್‌ನಿಂದ ಬಂದದ್ದು. ವೈಫೈ ಬೇರೆ ಅಂತ ಬಿಟ್ಟುಬಿಡಬೇಡಿ, ಅದೇ ಇಲ್ಲಿ ದೊಡ್ಡ ಸುಳಿವು.

ಲೋಕಲ್‌ಯೆಸ್‌ಕಾನ್ಫಿಗ್ ಏನು ಮಾಡುತ್ತದೆ ನೋಡಿ. ಆ ಹೊತ್ತಿನಲ್ಲಿ ಎಲ್‌ಎಸ್‌ಮಾಡ್ ಕೊಟ್ಟರೆ ಯಾವ ಮಾಡ್ಯೂಲ್‌ಗಳು ಕಾಣುತ್ತವೋ ಅವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಲೋಡ್ ಆಗದೇ ಇದ್ದ ಮಾಡ್ಯೂಲ್‌ಗಳನ್ನೆಲ್ಲಾ ಆಫ್ ಮಾಡುತ್ತದೆ. ಇಟ್ಟುಕೊಂಡದ್ದನ್ನು ಎಂ ಇಂದ ವೈಗೆ ಬದಲಿಸಿ ಕರ್ನಲ್ ಇಮೇಜ್ ಒಳಗೇ ಸೇರಿಸುತ್ತದೆ. ಇದರ ಜೊತೆಗಾರ ಲೋಕಲ್‌ಮಾಡ್‌ಕಾನ್ಫಿಗ್ ಕೂಡ ಹಾಗೇ ಸೋಸುತ್ತದೆ, ಆದರೆ ಎಂ ಅನ್ನು ಎಂ ಆಗಿಯೇ ಬಿಡುತ್ತದೆ. ಎರಡೂ ಅಪ್ಪಟ ಕರ್ನಲ್ ಸೋರ್ಸ್‌ನವೇ, 2.6.32ರಿಂದ ಇವೆ, ಕಳಪೆ ಸಾಧನಗಳೇನಲ್ಲ. ಆದರೆ ಅವಕ್ಕೆ ಕಾಣುವುದು ಆ ಕ್ಷಣದ ಚಿತ್ರ ಮಾತ್ರ. ಇಂಟರ್‌ಫೇಸ್ ಗೆಳೆಯನ ಮನೆಯಲ್ಲಿತ್ತು, ಅದರ ಡ್ರೈವರ್ ಲೋಡ್ ಆಗಿರಲಿಲ್ಲ, ಆದ್ದರಿಂದ ‘ನಾಟ್ ಸೆಟ್’. ಎಲ್‌ಎಸ್‌ಯುಎಸ್‌ಬಿಯಲ್ಲಿ ಹೆಸರು ಬರುವುದಕ್ಕೆ ಸೌಂಡ್ ಡ್ರೈವರ್ ಬೇಕಾಗಿಲ್ಲ, ಯುಎಸ್‌ಬಿ ಕಂಟ್ರೋಲರ್ ನಡೆದರೆ ಸಾಕು. ಅದಕ್ಕೇ ಅಲ್ಲಿ ಕಂಡರೂ ಎಪ್ಲೇಯಲ್ಲಿ ಇಲ್ಲ.

ಈಗ ಒಳಗಿನ ಸ್ಪೀಕರ್. ಡಿಜಿಟಲ್ ಮೈಕ್ ಇರುವ ಇಂಥ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಹಳೇ ಎಚ್‌ಡಿಎ ಡ್ರೈವರ್ ಬದಲು ಸೌಂಡ್ ಓಪನ್ ಫರ್ಮ್‌ವೇರ್, ಅಂದರೆ ಸೋಫ್, ಕೆಲಸ ಮಾಡುತ್ತದೆ. ಸೋಫ್‌ಗೆ ಡ್ರೈವರ್ ಒಂದಿದ್ದರೆ ಸಾಲದು. ಪ್ರೊಸೆಸರ್ ಪಕ್ಕದ ಡಿಎಸ್‌ಪಿಗೆ (ಸದ್ದಿನ ಕೆಲಸ ಮಾಡುವ ಚಿಪ್) ಅದು ಓಡಿಸುವ ಫರ್ಮ್‌ವೇರ್ ಫೈಲ್ ತುಂಬಬೇಕು, ಆಮೇಲೆ ಸ್ಪೀಕರ್ ಎಲ್ಲಿ, ಮೈಕ್ ಎಷ್ಟು ಅಂತ ಹೇಳುವ ಟೋಪಾಲಜಿ ಫೈಲ್ ಓದಬೇಕು. ಇವೆರಡೂ ಡಿಸ್ಕ್ ಮೇಲೆ ಲಿಬ್ ಫರ್ಮ್‌ವೇರ್ ಒಳಗೆ ಇವೆ. ಡ್ರೈವರ್ ಮಾಡ್ಯೂಲ್ ಆಗಿದ್ದರೆ ಡಿಸ್ಕ್ ಮೌಂಟ್ ಆದ ಮೇಲೆ ನಿಧಾನವಾಗಿ ಲೋಡ್ ಆಗುತ್ತದೆ, ಫೈಲ್ ಸಿಗುತ್ತದೆ. ನೀವು ಅದನ್ನು ವೈ ಮಾಡಿ ಒಳಗೆ ಸೇರಿಸಿದ್ದೀರಿ. ಕರ್ನಲ್ ಎದ್ದ ತಕ್ಷಣ, ರೂಟ್ ಫೈಲ್ ಸಿಸ್ಟಮ್ ಮೌಂಟ್ ಆಗುವ ಮೊದಲೇ, ಅದು ಫರ್ಮ್‌ವೇರ್ ಕೇಳಿದೆ. ಇನಿಟ್‌ರಾಮ್‌ಎಫ್‌ಎಸ್ ಕೂಡ ಇಲ್ಲ. ಎರರ್ -2 ಅಂದರೆ ‘ಅಂಥ ಫೈಲ್ ಇಲ್ಲ’ ಅಂತಷ್ಟೆ. ಫೈಲ್ ಡಿಸ್ಕ್‌ನಲ್ಲಿ ಇದ್ದದ್ದು ನಿಜ, ಕೇಳಿದ ಹೊತ್ತಿಗೆ ಡಿಸ್ಕೇ ಕೈಗೆ ಸಿಕ್ಕಿರಲಿಲ್ಲ. ಡ್ರೈವರ್ ಪಿಸಿಐ ಸಾಧನದ ಮೇಲೆ ಕೂತಿದೆ, ಆದರೆ ಫರ್ಮ್‌ವೇರ್ ಇಲ್ಲದೆ ಕಾರ್ಡ್ ತಯಾರಾಗಲಿಲ್ಲ. ಮನೆ ಮುಂದೆ ಹೆಸರಿನ ಫಲಕ ಇದೆ, ಒಳಗೆ ಮನೆಯವರು ಬಂದಿಲ್ಲ, ಹಾಗೆ. ವೈಫೈ ಚಿಪ್‌ಗೂ ಫರ್ಮ್‌ವೇರ್ ಬೇಕು, ಅದಕ್ಕೂ ಇದೇ ಗತಿ ಆಗಿದೆ.

ದಾರಿ ಮೂರು ಇವೆ. ಫರ್ಮ್‌ವೇರ್ ಫೈಲುಗಳನ್ನು ‘ಎಕ್ಸ್‌ಟ್ರಾ ಫರ್ಮ್‌ವೇರ್’ ಆಯ್ಕೆಯಿಂದ ಕರ್ನಲ್ ಇಮೇಜ್ ಒಳಗೇ ಹೊಲಿಯಬಹುದು. ಇನಿಟ್‌ರಾಮ್‌ಎಫ್‌ಎಸ್ ಮಾಡಿ ಅದರೊಳಗೆ ಇಡಬಹುದು. ಇಲ್ಲವೇ ಸೌಂಡ್ ಡ್ರೈವರ್‌ಗಳನ್ನು ಮತ್ತೆ ಎಂ ಮಾಡಬಹುದು. ನನ್ನ ಮಾತು ಕೇಳುವುದಾದರೆ ಮೂರನೆಯದೇ ಸರಿ. ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಆದಾಗಲೆಲ್ಲಾ ಮೊದಲನೆಯದರಲ್ಲಿ ನೀವೇ ನೆನಪಿಟ್ಟು ಕರ್ನಲ್ ಮತ್ತೆ ಕಟ್ಟಬೇಕು, ಎರಡನೆಯದರಲ್ಲಿ ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಆಗಬೇಕು. ಅಲ್ಲದೆ ಮಾಡ್ಯೂಲ್ ಆಗಿದ್ದರೆ ತೊಂದರೆ ಬಂದಾಗ ರೀಬೂಟ್ ಇಲ್ಲದೆ ತೆಗೆದು, ಆಪ್ಷನ್ ಬದಲಿಸಿ, ಮತ್ತೆ ಹಾಕಿ ನೋಡಬಹುದು. ಸೌಂಡ್ ಅನ್ನು ವೈ ಮಾಡುವುದರಿಂದ ವೇಗವೂ ಹೆಚ್ಚುವುದಿಲ್ಲ, ಲೇಟೆನ್ಸಿಯೂ (ದನಿ ಬರುವುದು ತಡವಾಗುವುದು) ಕಡಿಮೆ ಆಗುವುದಿಲ್ಲ.

ಈ ಕಾನ್ಫಿಗ್ ತೇಪೆ ಹಾಕಲು ಹೋಗಬೇಡಿ, ಹೊಸದಾಗಿ ಶುರು ಮಾಡಿ. ಹಳೇ 6.1ರಲ್ಲಿ ಬೂಟ್ ಆಗಿ. ಇಂಟರ್‌ಫೇಸ್ ಚುಚ್ಚಿ, ಅದರಲ್ಲಿ ಏನಾದರೂ ಒಂದು ನಿಮಿಷ ನುಡಿಸಿ. ಬ್ಲೂಟೂತ್ ಹೆಡ್‌ಫೋನ್, ಪೆನ್‌ಡ್ರೈವ್, ಎಚ್‌ಡಿಎಂಐ ಟಿವಿ, ಫೋನ್‌ನ ಯುಎಸ್‌ಬಿ ಟೆದರಿಂಗ್, ವರ್ಷದಲ್ಲಿ ಒಮ್ಮೆ ಬಳಸುವ ಪ್ರಿಂಟರ್ ಕೂಡ ಒಂದೊಂದಾಗಿ ಜೋಡಿಸಿ. ಮಾಡ್ಯೂಲ್ ಒಮ್ಮೆ ಲೋಡ್ ಆದರೆ ಸಾಧನ ಕಿತ್ತರೂ ಪಟ್ಟಿಯಲ್ಲಿ ಉಳಿಯುತ್ತದೆ. ಆಮೇಲೆ ಎಲ್‌ಎಸ್‌ಮಾಡ್ ಉತ್ತರವನ್ನು ಒಂದು ಫೈಲ್‌ಗೆ ಬರೆದಿಟ್ಟುಕೊಳ್ಳಿ. ಬೂಟ್ ಫೋಲ್ಡರ್‌ನಲ್ಲಿರುವ ಡೆಬಿಯನ್ ಕಾನ್ಫಿಗ್ ಫೈಲನ್ನು ಸೋರ್ಸ್ ಫೋಲ್ಡರ್‌ಗೆ ಡಾಟ್ ಕಾನ್ಫಿಗ್ ಹೆಸರಲ್ಲಿ ಕಾಪಿ ಮಾಡಿ, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಕೊಡಿ. ನಂತರ ಲೋಕಲ್‌ಮಾಡ್‌ಕಾನ್ಫಿಗ್, ಅದಕ್ಕೆ ಎಲ್‌ಎಸ್‌ಮಾಡ್ ಅನ್ನುವ ವೇರಿಯೇಬಲ್‌ನಲ್ಲಿ ಆ ಫೈಲ್ ಹೆಸರು ಕೊಟ್ಟರೆ ಅದನ್ನೇ ಓದುತ್ತದೆ. ಇದು ಆದ ಮೇಲೆ ಮೆನುಕಾನ್ಫಿಗ್‌ಗೆ ಹೋಗಿ ‘ಎಕ್ಸ್‌ಪರ್ಟ್’ ಆನ್ ಮಾಡಿ, ರಿಯಲ್ ಟೈಮ್ ಆಯ್ಕೆ ಅದರ ಹಿಂದೆಯೇ ಇದೆ. ಡಿಬಗ್ ಇನ್ಫೋ ಬೇಡ ಅಂತ ಆರಿಸಿದರೆ ಬಿಲ್ಡ್ ಬೇಗ ಮುಗಿಯುತ್ತದೆ, ಡಿಸ್ಕ್ ಜಾಗವೂ ತುಂಬಾ ಉಳಿಯುತ್ತದೆ. ‘ಲೋಕಲ್ ವರ್ಷನ್’ನಲ್ಲಿ ಒಂದು ಹೆಸರು ಹಾಕಿ, ಆಗ ಲಿಬ್ ಮಾಡ್ಯೂಲ್ಸ್ ಒಳಗೆ ಇದಕ್ಕೆ ಬೇರೆಯೇ ಫೋಲ್ಡರ್ ಆಗುತ್ತದೆ, ಹಳೆಯದರ ಜೊತೆ ಕಲಸಿಹೋಗುವುದಿಲ್ಲ.

ಬಿಲ್ಡ್‌ಗೆ ‘ಮೇಕ್ ಬಿನ್‌ಡೆಬ್-ಪಿಕೆಜಿ’ ಕೊಡಿ. ಇಮೇಜ್ ಮತ್ತು ಹೆಡರ್ಸ್ ಡೆಬ್ ಪ್ಯಾಕೇಜ್‌ಗಳಾಗಿ ಬರುತ್ತವೆ. ಡಿಪಿಕೆಜಿಯಲ್ಲಿ ಹಾಕಿದರೆ ಮಾಡ್ಯೂಲ್, ಇನಿಟ್‌ರಾಮ್‌ಎಫ್‌ಎಸ್, ಗ್ರಬ್ ಎಲ್ಲವೂ ತಾನೇ ಆಗುತ್ತದೆ, ಬೇಡವಾದರೆ ಆಪ್ಟ್‌ನಿಂದ ತೆಗೆಯಲೂಬಹುದು. ಬಿಜ಼ೆಡ್ ಇಮೇಜ್ ಕೈಯಲ್ಲಿ ಕಾಪಿ ಮಾಡುವ ರೂಢಿ ಬಿಟ್ಟುಬಿಡಿ.

ಬಿಸಿಲಿನ ಮಾತು ನೂರಕ್ಕೆ ನೂರು ನಿಜ. ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಎಲ್ಲಾ ಕೋರ್ ಹಚ್ಚಿ ಬಿಲ್ಡ್ ಮಾಡಿದರೆ ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಹೊತ್ತು ಇನ್ನೂ ಜಾಸ್ತಿ ಹಿಡಿಯುತ್ತದೆ. ನಾನು ಬೆಳಗಿನ ಜಾವ ಶುರು ಮಾಡುತ್ತೇನೆ, ಅರ್ಧ ಕೋರ್ ಮಾತ್ರ ಕೊಡುತ್ತೇನೆ. ನಡುವೆ ನಿಲ್ಲಿಸಿದರೂ ಮೇಕ್ ಬಿಟ್ಟಲ್ಲಿಂದ ಮುಂದುವರಿಸುತ್ತದೆ, ‘ಮೇಕ್ ಕ್ಲೀನ್’ ಕೊಡದಿದ್ದರೆ ಆಯಿತು.

ಸಿಂಧನೂರು_ಶೆಲ್

ರಾಯಚೂರಿನವರು ಹೇಳಿದ್ದು ಸರಿ, ಅದಕ್ಕೆ ಸೇರಿಸುವುದೇನೂ ಇಲ್ಲ. ಆದರೆ ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಈ ಕೆಲಸಕ್ಕೆ ಕರ್ನಲ್ ಬಿಲ್ಡ್ ಮಾಡಲೇಬೇಕಾ?

ಭಜನೆ ರೆಕಾರ್ಡ್ ಮಾಡುವಾಗ ಹಾಡುವವರಿಗೆ ಹೆಡ್‌ಫೋನ್ ಕೊಟ್ಟು ಅವರ ದನಿಯನ್ನು ಕಂಪ್ಯೂಟರ್ ಮೂಲಕ ಅವರಿಗೇ ಕೇಳಿಸುತ್ತೀರಾ? ಮಠದಲ್ಲಿ ದಮ್ಮಡಿ, ತಾಳ, ಹಾರ್ಮೋನಿಯಂ ಹಿಡಿದು ಕೂತವರಿಗೆ ಅದು ಬೇಕಿಲ್ಲ ಅಲ್ವಾ? ಹಾಗಿದ್ದರೆ ಬಫರ್ 128 ಯಾಕೆ? 48,000 ಸ್ಯಾಂಪಲ್ ರೇಟ್‌ನಲ್ಲಿ 128 ಅಂದರೆ 2.7 ಮಿಲಿಸೆಕೆಂಡ್. ಅಷ್ಟರೊಳಗೆ ಪ್ರತಿ ಸಲವೂ ಪ್ರೊಸೆಸರ್ ಬಂದು ಡೇಟಾ ಎತ್ತಿಕೊಳ್ಳಬೇಕು, ಒಮ್ಮೆ ತಡವಾದರೆ ಚಟ್ ಅನ್ನುತ್ತದೆ. ಅದನ್ನು 1024 ಮಾಡಿ, 21 ಮಿಲಿಸೆಕೆಂಡ್ ಸಮಯ ಸಿಗುತ್ತದೆ. ಬರೀ ರೆಕಾರ್ಡಿಂಗ್‌ಗೆ ಅದರಿಂದ ಒಂದು ಚೂರೂ ನಷ್ಟ ಇಲ್ಲ, ಫೈಲ್‌ನಲ್ಲಿ ಕೂರುವ ದನಿ ಅದೇ ದನಿ.

ಕಡಿಮೆ ಲೇಟೆನ್ಸಿ ನಿಜವಾಗಿಯೂ ಬೇಕು ಅಂತಾದರೂ ಮೊದಲು ಡೆಬಿಯನ್‌ನಲ್ಲೇ ಇರುವುದನ್ನು ನೋಡಿ. ಡೆಬಿಯನ್ 12ರ 6.1 ಕರ್ನಲ್ ‘ಪ್ರಿಎಂಪ್ಟ್ ಡೈನಾಮಿಕ್’ ಇಟ್ಟುಕೊಂಡೇ ಬರುತ್ತದೆ. ಗ್ರಬ್‌ನಲ್ಲಿ ಪ್ರಿಎಂಪ್ಟ್ ಈಕ್ವಲ್ ಟು ಫುಲ್ ಅಂತಲೂ, ಥ್ರೆಡ್ಐಆರ್‌ಕ್ಯೂಸ್ ಅಂತಲೂ ಸೇರಿಸಿದರೆ ಬಿಲ್ಡ್ ಇಲ್ಲದೆ ಬಹಳಷ್ಟು ಸುಧಾರಿಸುತ್ತದೆ. ಅದೂ ಸಾಲದಿದ್ದರೆ ಡೆಬಿಯನ್‌ನವರೇ ರಿಯಲ್ ಟೈಮ್ ಕರ್ನಲ್ ಪ್ಯಾಕೇಜ್ ಕೊಡುತ್ತಾರೆ, ಆಪ್ಟ್‌ನಲ್ಲಿ ಹಾಕಿ. ಸೌಂಡ್ ಡ್ರೈವರ್‌ಗಳೆಲ್ಲಾ ಅದರಲ್ಲಿ ಮಾಡ್ಯೂಲ್ ಆಗಿಯೇ ಇರುತ್ತವೆ, ಭದ್ರತಾ ಅಪ್‌ಡೇಟ್ ಕೂಡ ತಾನೇ ಬರುತ್ತದೆ. ನೀವೇ ಬಿಲ್ಡ್ ಮಾಡಿದ ಕರ್ನಲ್‌ಗೆ ಅಪ್‌ಡೇಟ್ ಯಾರು ಕೊಡುತ್ತಾರೆ? ನೀವೇ ಪ್ರತಿ ಸಲ ಕೂತು ಕಟ್ಟಬೇಕು.

ಇನ್ನೊಂದು, ಯಾವ ಕರ್ನಲ್ ಆದರೂ ನಿಮ್ಮ ಯೂಸರ್ ‘ಆಡಿಯೊ’ ಗ್ರೂಪ್‌ನಲ್ಲಿ ಇದ್ದಾರಾ, ಆರ್‌ಟಿ ಪ್ರಯಾರಿಟಿ ಪಡೆಯಲು ಅನುಮತಿ ಇದೆಯಾ ನೋಡಿ. ಅದಿಲ್ಲದಿದ್ದರೆ ರಿಯಲ್ ಟೈಮ್ ಕರ್ನಲ್ ಹಾಕಿಯೂ ಉಪಯೋಗ ಇಲ್ಲ. ಡೆಬಿಯನ್‌ನಲ್ಲಿ ಜ್ಯಾಕ್ (ರೆಕಾರ್ಡಿಂಗ್‌ಗೆ ಬಳಸುವ ಸೌಂಡ್ ಸರ್ವರ್) ಪ್ಯಾಕೇಜ್ ಹಾಕುವಾಗ ಈ ಬಗ್ಗೆ ಕೇಳುತ್ತದೆ, ಹೌದು ಅನ್ನಿ.

ಕೋಟೆ_ಬಳ್ಳಾರಿ

ಬಫರ್ ಬಗ್ಗೆ ಸಿಂಧನೂರಿನವರ ಮಾತಿಗೆ ನನ್ನದೂ ಒಪ್ಪಿಗೆ. ಭಜನೆಗೆ 1024 ಸಾಕೇ ಸಾಕು.

ಆದರೆ ‘ಬಿಲ್ಡ್ ಮಾಡಬೇಡ’ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಬಳ್ಳಾರಿಯಲ್ಲಿ ಡಿಪ್ಲೊಮಾ ಹುಡುಗರಿಗೆ ಲ್ಯಾಬ್ ನೋಡಿಕೊಳ್ಳುತ್ತೇನೆ. ಕರ್ನಲ್ ಅಂದರೆ ಮುಟ್ಟಬಾರದ ವಸ್ತು ಅಂತ ಹೆದರುವ ಹುಡುಗರೇ ಜಾಸ್ತಿ. ಒಮ್ಮೆ ತಾವೇ ಬಿಲ್ಡ್ ಮಾಡಿ, ಸೌಂಡ್ ಹೋಗಿ, ಯಾಕೆ ಹೋಯಿತು ಅಂತ ಡಿಮೆಸ್ಗ್ ಓದಿ ಕಂಡುಕೊಂಡವನಿಗೆ ಆ ಹೆದರಿಕೆ ಮತ್ತೆ ಬರುವುದಿಲ್ಲ. ಈ ತಮ್ಮ ಈಗ ಆ ಹಂತದಲ್ಲಿದ್ದಾನೆ, ಹಿಂದಕ್ಕೆ ಕಳಿಸುವುದು ಬೇಡ. ಹಳೇ ಕರ್ನಲ್ ಗ್ರಬ್‌ನಲ್ಲಿ ಭದ್ರವಾಗಿದೆ, ಅಮಾವಾಸ್ಯೆ ರಾತ್ರಿ ಅದರಲ್ಲೇ ರೆಕಾರ್ಡ್ ಮಾಡಲಿ, ಮಿಕ್ಕ ದಿನ ಹೊಸದನ್ನು ಕಟ್ಟಲಿ.

ಸೋಫ್ ಇಲ್ಲದ ಹಳೇ ಯಂತ್ರದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಅಲ್ಲಿ ಎಚ್‌ಡಿಎ ಇಂಟೆಲ್ ಡ್ರೈವರ್ ಒಂದನ್ನೇ ಆನ್ ಮಾಡಿ ಸುಮ್ಮನಾಗುತ್ತಾರೆ. ಅದು ಕಂಟ್ರೋಲರ್ ಮಾತ್ರ. ಅದರಾಚೆ ರಿಯಲ್‌ಟೆಕ್, ಕೊನೆಕ್ಸೆಂಟ್, ಎಚ್‌ಡಿಎಂಐ ಅಂತ ಪ್ರತಿ ಕೋಡೆಕ್‌ಗೂ ಬೇರೆ ಆಯ್ಕೆ ಇದೆ. ಕೋಡೆಕ್ ಬಿಟ್ಟರೆ ಜೆನೆರಿಕ್ ಪಾರ್ಸರ್ ಹಿಡಿದುಕೊಂಡು ಹೇಗೋ ಸದ್ದು ಬಂದರೂ ಬರಬಹುದು, ಆದರೆ ಹೆಡ್‌ಫೋನ್ ಮೈಕ್ ಇಲ್ಲ, ಸ್ಪೀಕರ್ ಮೆಲ್ಲಗೆ, ಹೀಗೆ ಅರೆಬರೆ ತೊಂದರೆಗಳು. ಕಂಟ್ರೋಲರ್ ವೈ ಇದ್ದು ಕೋಡೆಕ್ ಎಂ ಇದ್ದರೂ ಕೋಡೆಕ್ ತಾನಾಗಿ ಲೋಡ್ ಆಗುವುದಿಲ್ಲ, ಮೆನುಕಾನ್ಫಿಗ್‌ನಲ್ಲೇ ಅದರ ಬಗ್ಗೆ ಎಚ್ಚರಿಕೆ ಸಾಲು ಬರುತ್ತದೆ. ಎರಡೂ ಎಂ ಇರಲಿ, ಇಲ್ಲವೇ ಎರಡೂ ವೈ ಇರಲಿ.

ಹಾಗೇ ಹಳೇ ಕಾನ್ಫಿಗ್ ಹೊಸ ಕರ್ನಲ್‌ಗೆ ತರುವಾಗ ಓಲ್ಡ್‌ಡೆಫ್‌ಕಾನ್ಫಿಗ್ ಸದ್ದಿಲ್ಲದೆ ಡೀಫಾಲ್ಟ್ ತುಂಬುತ್ತದೆ. ಆಯ್ಕೆಯ ಹೆಸರು ಬದಲಾಗಿದ್ದರೆ ನಿಮ್ಮ ಹಳೇ ಸಾಲು ಮಾಯ. ಸೋರ್ಸ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ ‘ಡಿಫ್‌ಕಾನ್ಫಿಗ್’ ಅಂತ ಪುಟ್ಟ ಸ್ಕ್ರಿಪ್ಟ್ ಇದೆ. ಹಳೆಯದು ಹೊಸದು ಎರಡೂ ಕೊಟ್ಟು, ಎಸ್‌ಎನ್‌ಡಿ ಇರುವ ಸಾಲುಗಳನ್ನು ಮಾತ್ರ ಓದಿ. ಬಿಲ್ಡ್ ಶುರು ಮಾಡುವ ಮೊದಲು ಎರಡು ನಿಮಿಷದ ಕೆಲಸ ಇದು.

ಕುಷ್ಟಗಿ_ಕೀಬೋರ್ಡ್

ನಡುವೆ ಬಂದು ಕೇಳುತ್ತಿರುವುದಕ್ಕೆ ಬೇಸರ ಬೇಡ, ವಿಷಯ ಇದೇ ಆದ್ದರಿಂದ ಬೇರೆ ಪ್ರಶ್ನೆ ಹಾಕಲಿಲ್ಲ. ನನ್ನದು ಹಳೇ ಮ್ಯಾಕ್‌ಬುಕ್, ಸಿರಸ್ ಕೋಡೆಕ್. ಅದರ ಸೌಂಡ್‌ಗೆ ಹೊರಗಿನ ಡ್ರೈವರ್ ಇಳಿಸಿ ಕಂಪೈಲ್ ಮಾಡಿ ಹಾಕಿದ್ದೆ, ಚೆನ್ನಾಗಿತ್ತು. ಕರ್ನಲ್ ಬಿಲ್ಡ್ ಮಾಡಿದ ಮೇಲೆ ಆ ಮಾಡ್ಯೂಲನ್ನೇ ಹೊಸ ಫೋಲ್ಡರ್‌ಗೆ ಕಾಪಿ ಮಾಡಿದರೆ ‘ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್’ ಅನ್ನುತ್ತದೆ. ಬಲವಂತವಾಗಿ ಹಾಕುವ ಆಪ್ಷನ್ ಇದೆಯಂತೆ, ಕೊಡಬಹುದಾ?

ರೂಟ್_ರಾಯಚೂರು

ದಯವಿಟ್ಟು ಕೊಡಬೇಡಿ. ಪ್ರತಿ ಮಾಡ್ಯೂಲ್ ಮೇಲೂ ವರ್ಷನ್ ಮ್ಯಾಜಿಕ್ ಅಂತ ಒಂದು ಗುರುತು ಇರುತ್ತದೆ, ಯಾವ ಕರ್ನಲ್‌ಗೆ, ಯಾವ ಮುಖ್ಯ ಆಯ್ಕೆಗಳ ಜೊತೆ ಕಟ್ಟಿದ್ದು ಅಂತ. ಡಿಮೆಸ್ಗ್ ನೋಡಿದರೆ ‘ಇದು ಹೀಗಿದೆ, ಹಾಗಿರಬೇಕಿತ್ತು’ ಅಂತ ಎರಡೂ ಗುರುತನ್ನು ತೋರಿಸಿರುತ್ತದೆ. ಕರ್ನಲ್ ಒಳಗಿನ ಸ್ಟ್ರಕ್ಚರ್‌ಗಳ ಅಳತೆ ವರ್ಷನ್‌ನಿಂದ ವರ್ಷನ್‌ಗೆ, ಕಾನ್ಫಿಗ್‌ನಿಂದ ಕಾನ್ಫಿಗ್‌ಗೆ ಬದಲಾಗುತ್ತದೆ. ಬಲವಂತವಾಗಿ ಹಾಕಿದರೆ ಡ್ರೈವರ್ ಯಾವುದೋ ಮೆಮೊರಿಗೆ ಏನೋ ಬರೆಯುತ್ತದೆ, ಹ್ಯಾಂಗ್ ಆದರೆ ಪುಣ್ಯ, ಫೈಲ್ ಸಿಸ್ಟಮ್ ಕೆಟ್ಟರೆ ಯಾರೂ ಏನೂ ಮಾಡಲಾಗದು.

ಅಪ್ಲಿಕೇಶನ್‌ಗಳ ಕಡೆಗೆ ಇರುವ ಇಂಟರ್‌ಫೇಸ್ ಮುರಿಯಬಾರದು ಅಂತ ಲಿನಕ್ಸ್‌ನವರು ಬಹಳ ಕಟ್ಟುನಿಟ್ಟು. ಆದರೆ ಒಳಗಿನ ಡ್ರೈವರ್ ಇಂಟರ್‌ಫೇಸ್‌ಗೆ ಅಂಥ ಯಾವ ಭರವಸೆಯನ್ನೂ ಅವರು ಕೊಟ್ಟಿಲ್ಲ, ಕೊಡುವುದಿಲ್ಲ ಅಂತ ಕರ್ನಲ್ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿಟ್ಟಿದ್ದಾರೆ. ಸೋರ್ಸ್ ಒಳಗಿರುವ ಡ್ರೈವರ್‌ಗಳನ್ನು ಬದಲಾವಣೆ ಮಾಡಿದವರೇ ಸರಿಪಡಿಸುತ್ತಾರೆ. ಹೊರಗಿನ ಡ್ರೈವರ್ ನಿಮ್ಮ ಹೊಣೆ.

ನಿಮಗೆ ಬೇಕಿರುವುದು ಡಿಕೆಎಂಎಸ್. ಡೆಲ್‌ನವರು ಶುರು ಮಾಡಿದ ಸಾಧನ ಅದು, ಈಗ ಬಹುತೇಕ ಡಿಸ್ಟ್ರೊಗಳಲ್ಲಿ ಇದೆ. ಡ್ರೈವರ್ ಸೋರ್ಸನ್ನು ಅದರಲ್ಲಿ ಒಮ್ಮೆ ನೋಂದಾಯಿಸಿದರೆ ಹೊಸ ಕರ್ನಲ್ ಪ್ಯಾಕೇಜ್ ಬಂದಾಗಲೆಲ್ಲಾ ತಾನೇ ಕಂಪೈಲ್ ಮಾಡಿ ಜಾಗಕ್ಕೆ ಇಡುತ್ತದೆ. ಆದರೆ ಅದಕ್ಕೆ ಆ ಕರ್ನಲ್‌ನ ಹೆಡರ್ಸ್ ಬೇಕೇ ಬೇಕು. ಬಿನ್‌ಡೆಬ್-ಪಿಕೆಜಿ ಕೊಟ್ಟರೆ ಹೆಡರ್ಸ್ ಪ್ಯಾಕೇಜ್ ಬರುತ್ತದೆ ಅಂದೆನಲ್ಲ, ಅದನ್ನೂ ಇಮೇಜ್ ಜೊತೆಗೆ ಹಾಕಬೇಕು. ಮೊದಲು ಹೆಡರ್ಸ್ ಹಾಕಿ, ಆಮೇಲೆ ಇಮೇಜ್. ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟರೆ ಹೊಸ ಕರ್ನಲ್ ಹೆಸರಿನ ಮುಂದೆ ‘ಇನ್‌ಸ್ಟಾಲ್ಡ್’ ಅಂತ ಬರಬೇಕು. ಬಾರದಿದ್ದರೆ ರೀಬೂಟ್ ಮಾಡುವ ಮೊದಲೇ ಅದರ ಲಾಗ್ ಓದಿ. ಡ್ರೈವರ್ ಹಳೆಯದಾಗಿ ಹೊಸ ಕರ್ನಲ್‌ಗೆ ಕಂಪೈಲ್ ಆಗದೇ ಇರುವುದೂ ಉಂಟು, ಆಗ ಆ ಡ್ರೈವರ್ ನೋಡಿಕೊಳ್ಳುವವರು ಹೊಸ ಪ್ಯಾಚ್ ಹಾಕಿದ್ದಾರಾ ಹುಡುಕಬೇಕು, ಅಲ್ಲಿಯವರೆಗೆ ಹಳೇ ಕರ್ನಲ್‌ನಲ್ಲೇ ಇರಿ.

ಏಕತಾರಿ_ಗಂಗಾವತಿ

ಎಲ್ಲರಿಗೂ ತುಂಬಾ ಧನ್ಯವಾದ, ಸೌಂಡ್ ಬಂತು!

ರಾಯಚೂರಿನ ಅಕ್ಕ ಹೇಳಿದಂತೆ ಎಲ್ಲಾ ಸಾಧನ ಜೋಡಿಸಿ, ಪಟ್ಟಿ ತೆಗೆದು, ಲೋಕಲ್‌ಮಾಡ್‌ಕಾನ್ಫಿಗ್‌ನಲ್ಲಿ ಕಟ್ಟಿದೆ. ಬಳ್ಳಾರಿಯ ಅಣ್ಣ ಹೇಳಿದ ಡಿಫ್‌ಕಾನ್ಫಿಗ್ ಕೂಡ ಓಡಿಸಿದೆ, ಯುಎಸ್‌ಬಿ ಆಡಿಯೊ ಎಂ, ಸೋಫ್ ಎಲ್ಲವೂ ಎಂ. ಬೆಳಗಿನ ಜಾವ ಶುರು ಮಾಡಿ ಬಿಸಿಲು ಏರುವ ಮೊದಲೇ ಮುಗಿಯಿತು. ಹೊಸ ಕರ್ನಲ್‌ನಲ್ಲಿ ಎದ್ದ ತಕ್ಷಣ ವೈಫೈ ಬಂತು, ಕಾರ್ಡ್ಸ್ ಫೈಲ್‌ನಲ್ಲಿ ಎರಡು ಕಾರ್ಡ್. ಸ್ಪೀಕರ್ ಹೆಸರೂ ಸೆಟ್ಟಿಂಗ್ಸ್‌ನಲ್ಲಿ ಬಂತು, ಆದರೆ ಸದ್ದು ಇರಲಿಲ್ಲ. ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ಒಳಗಿನ ಕಾರ್ಡ್ ಆರಿಸಿದರೆ ಸ್ಪೀಕರ್ ಕಂಬದ ಕೆಳಗೆ ‘ಎಂಎಂ’ ಅಂತ ಇತ್ತು. ಎಂ ಕೀ ಒತ್ತಿದ ಮೇಲೆ ಅದು ‘00’ ಆಯಿತು, ತಕ್ಷಣ ಹಾಡು ಕೇಳಿಸಿತು.

ಸಿಂಧನೂರಿನ ಅಣ್ಣನವರಿಗೆ: ಭಜನೆಗೆ 1024 ಇಡುತ್ತೇನೆ, ಒಂದು ಗಂಟೆ ರೆಕಾರ್ಡ್ ಮಾಡಿ ನೋಡಿದೆ, ಒಂದು ಚಟ್ ಸದ್ದೂ ಇಲ್ಲ. ಆದರೆ ಗೆಳೆಯ ಮಿಡಿ ಕೀಬೋರ್ಡ್‌ನಲ್ಲಿ ಹಾರ್ಮೋನಿಯಂ ದನಿ ಇಟ್ಟು ನುಡಿಸಿ ಅಭ್ಯಾಸ ಮಾಡುತ್ತಾನೆ. 1024ರಲ್ಲಿ ಕೀ ಒತ್ತಿದ ಮೇಲೆ ದನಿ ಹಿಂದೆ ಬೀಳುತ್ತದೆ, ತಾಳ ತಪ್ಪುತ್ತದೆ. ಅದಕ್ಕಾಗಿ ರಿಯಲ್ ಟೈಮ್ ಕರ್ನಲ್ ಬೇಕೇ ಬೇಕು. ಈಗ 128ರಲ್ಲಿ ನಿಶ್ಚಿಂತೆಯಾಗಿ ನುಡಿಸುತ್ತಿದ್ದಾನೆ.

ಇನ್ನು ಒಂದೇ ಅನುಮಾನ. ಇಂಟರ್‌ಫೇಸ್ ಚುಚ್ಚಿಕೊಂಡೇ ಬೂಟ್ ಮಾಡಿದರೆ ಒಮ್ಮೊಮ್ಮೆ ಅದು ಕಾರ್ಡ್ 0 ಆಗುತ್ತದೆ, ಒಮ್ಮೊಮ್ಮೆ ಕಾರ್ಡ್ 1. ಜ್ಯಾಕ್‌ನಲ್ಲಿ ಪ್ರತಿ ಸಲ ಬದಲಿಸಬೇಕಾಗಿದೆ. ಇದಕ್ಕೇನು ಮಾಡಲಿ?

ಸಿಂಧನೂರು_ಶೆಲ್

ಮಿಡಿ ನುಡಿಸುವುದಿದ್ದರೆ ಕಡಿಮೆ ಬಫರ್ ಬೇಕೇ ಬೇಕು, ನಿಮ್ಮ ನಿರ್ಧಾರ ಸರಿ.

ಕಾರ್ಡ್ ನಂಬರ್ ಅನ್ನುವುದು ಯಾವ ಡ್ರೈವರ್ ಮೊದಲು ಎದ್ದಿತು ಅನ್ನುವುದರ ಮೇಲೆ ಹೋಗುತ್ತದೆ, ಅದನ್ನು ನಂಬಬೇಡಿ. ಕಾರ್ಡ್ಸ್ ಫೈಲ್‌ನಲ್ಲಿ ನಂಬರ್ ಪಕ್ಕ ಚೌಕ ಕಂಸದೊಳಗೆ ಒಂದು ಚಿಕ್ಕ ಹೆಸರು ಇದೆ ನೋಡಿ. ಜ್ಯಾಕ್‌ನಲ್ಲಿ ಎಚ್‌ಡಬ್ಲ್ಯೂ ಕೋಲನ್ ಆದ ಮೇಲೆ 0 ಅಥವಾ 1 ಬದಲು ಆ ಹೆಸರನ್ನೇ ಕೊಡಿ, ಯಾವ ಕ್ರಮದಲ್ಲಿ ಎದ್ದರೂ ಅದೇ ಸಿಗುತ್ತದೆ. ಮಿಕ್ಸರ್ ಸರಿ ಮಾಡಿದ್ದೀರಲ್ಲ, ಆಲ್ಸಾಸಿಟಿಎಲ್ ಸ್ಟೋರ್ ಅನ್ನು ಸುಡೋದಲ್ಲಿ ಒಮ್ಮೆ ಕೊಟ್ಟುಬಿಡಿ, ಸೆಟ್ಟಿಂಗ್ ಉಳಿಯುತ್ತದೆ.

ಕೋಟೆ_ಬಳ್ಳಾರಿ

ಭಲೇ ತಮ್ಮಾ. ಈಗ ಆ ಡಾಟ್ ಕಾನ್ಫಿಗ್ ಫೈಲನ್ನೂ ಎಲ್‌ಎಸ್‌ಮಾಡ್ ಪಟ್ಟಿಯನ್ನೂ ಸೋರ್ಸ್ ಫೋಲ್ಡರ್‌ನ ಹೊರಗೆ ಒಂದು ಕಡೆ ಕಾಪಿ ಮಾಡಿ ಇಡು. 6.12ರ ಮುಂದಿನ ಅಪ್‌ಡೇಟ್ ಬಂದಾಗ ಅದರಿಂದಲೇ ಶುರು ಮಾಡಬಹುದು. ಹೊಸ ಸೌಂಡ್ ಸಾಧನ ಏನಾದರೂ ಕೊಂಡರೆ ಡೆಬಿಯನ್ ಕರ್ನಲ್‌ನಲ್ಲಿ ಒಮ್ಮೆ ಚುಚ್ಚಿ, ಯಾವ ಮಾಡ್ಯೂಲ್ ಎದ್ದಿತು ನೋಡಿ ಪಟ್ಟಿಗೆ ಸೇರಿಸು. ಬೂಟ್ ಪಾರ್ಟಿಷನ್ ತುಂಬಿದರೆ ಆ ಲೋಕಲ್‌ಯೆಸ್‌ಕಾನ್ಫಿಗ್‌ನ ಇಮೇಜ್ ಅಳಿಸು, ಡೆಬಿಯನ್‌ನ 6.1 ಮಾತ್ರ ತೆಗೆಯಬೇಡ. ಅಮಾವಾಸ್ಯೆ ಆದ ಮೇಲೆ ಒಂದೆರಡು ತತ್ವಪದ ಇಲ್ಲಿ ಹಾಕಪ್ಪಾ, ಹಿರಿಯರು ಒಪ್ಪಿದರೆ.

ಏಕತಾರಿ_ಗಂಗಾವತಿ

ಹೆಸರು ಕೊಟ್ಟೆ, ಈಗ ಪ್ರತಿ ಸಲವೂ ಸರಿಯಾದ ಕಾರ್ಡೇ ಸಿಗುತ್ತಿದೆ. ಕಾನ್ಫಿಗ್, ಪಟ್ಟಿ ಎರಡೂ ಪೆನ್‌ಡ್ರೈವ್‌ಗೆ ಹಾಕಿದೆ. ಹಿರಿಯರನ್ನು ಕೇಳಿದ್ದೇನೆ ಅಣ್ಣಾ, ಅವರಿಗೆ ಅಡ್ಡಿ ಇಲ್ಲವಂತೆ.